ಬೈಪಾಸ್ ನಂತರ ತೂಕ ಇಳಿದಿದೆ, ಮಂಡಿನೋವು ಇಳಿದಿಲ್ಲ: ನಡಿಗೆ ಮುಂದುವರಿಸಬಹುದೇ?

ಹೇಮಾವತಿತೀರ, ಹಾಸನ

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕಿ, ವಯಸ್ಸು 53. ಕಳೆದ ದೀಪಾವಳಿಗೆ ಮುಂಚೆ ತೂಕ ಇಳಿಸುವ ಹೊಟ್ಟೆಯ ಶಸ್ತ್ರಚಿಕಿತ್ಸೆ, ಗ್ಯಾಸ್ಟ್ರಿಕ್ ಬೈಪಾಸ್ ಮಾಡಿಸಿಕೊಂಡೆ. 112 ಕಿಲೋ ಇದ್ದವಳು ಈಗ 86ಕ್ಕೆ ಬಂದಿದ್ದೇನೆ. ಸಕ್ಕರೆ ಕಾಯಿಲೆಯ ಮಾತ್ರೆಗಳು ಕಡಿಮೆಯಾಗಿವೆ, ರಾತ್ರಿ ನಿದ್ದೆ ಬರುತ್ತಿದೆ. ಮಂಡಿಗಳು ಮಾತ್ರ ಕೇಳುತ್ತಿಲ್ಲ. ಎರಡರಲ್ಲೂ ಸವೆತವಿದೆ, ಬಲಗಡೆ ಹೆಚ್ಚು. ಎಕ್ಸ್‌ರೇ ನೋಡಿದ ಮೂಳೆ ವೈದ್ಯರು ಮೂರನೆಯ ಹಂತ ಎಂದಿದ್ದಾರೆ.

ಬೆಳಿಗ್ಗೆ ಮುಕ್ಕಾಲು ಗಂಟೆ ನಡೆದ ದಿನ ಸಂಜೆ ಶಾಲೆಯ ಮೆಟ್ಟಿಲು ಇಳಿಯಲು ಕಂಬಿ ಹಿಡಿಯಬೇಕು. ಮೊದಲೆಲ್ಲ ನೋವಿನ ಮಾತ್ರೆ ನುಂಗಿ ನಡೆಯುತ್ತಿದ್ದೆ, ಈಗ ಅವು ಬೇಡವೆಂದು ಶಸ್ತ್ರಚಿಕಿತ್ಸಕರು ಖಡಾಖಂಡಿತವಾಗಿ ಹೇಳಿದ್ದಾರೆ. ನಡೆಯದಿದ್ದರೆ ತೂಕ ಮರಳಿ ಬರುತ್ತದೆಂಬ ಭಯ. ನಡೆದರೆ ‘ಇರುವ ಮಂಡಿಯನ್ನೂ ಸವೆಸಿಕೊಳ್ಳುತ್ತೀಯ’ ಎಂದು ಮನೆಯವರ ಆತಂಕ. ಯಾರ ಮಾತು ಸರಿ?

ಔಷಧಿ ಅಂಗಡಿ, ಶಿವಮೊಗ್ಗ

ಮೇಡಂ, ಮಾತ್ರೆಯ ವಿಷಯ ಮೊದಲು ಹೇಳಿಬಿಡುತ್ತೇನೆ. ಬೈಪಾಸ್‌ನಲ್ಲಿ ಪುಟ್ಟದಾಗಿ ಮಾಡಿದ ಜಠರವನ್ನು ಸಣ್ಣ ಕರುಳಿಗೆ ಜೋಡಿಸಿರುತ್ತಾರೆ. ಆ ಜೋಡಣೆಯ ಜಾಗದಲ್ಲಿ ಹುಣ್ಣಾಗುವ ಸಾಧ್ಯತೆಯನ್ನು ಐಬುಪ್ರೊಫೇನ್, ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ನ್ಯಾಪ್ರೋಕ್ಸೆನ್‌ನಂಥ ನೋವಿನ ಮಾತ್ರೆಗಳು ಹೆಚ್ಚಿಸುತ್ತವೆ. ‘ಊಟವಾದ ಮೇಲೆ ತೆಗೆದುಕೊಂಡರಾಯಿತು’ ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ. ರಕ್ತಕ್ಕೆ ಸೇರಿದ ಮೇಲೂ ಇವು ಜಠರದ ರಕ್ಷಣೆಯನ್ನು ಕುಗ್ಗಿಸುತ್ತವೆ.

ಅಂಗಡಿಯಲ್ಲಿ ‘ಮಂಡಿನೋವಿಗೆ ಒಂದು ಮಾತ್ರೆ ಕೊಡಿ’ ಎಂದು ಮಾತ್ರ ಕೇಳಬೇಡಿ, ಬೈಪಾಸ್ ಆಗಿದೆ ಎಂದು ಹೇಳಿ. ಪ್ಯಾರಾಸಿಟಮಾಲ್ ಜೊತೆಗೆ ಅಸಿಕ್ಲೋಫೆನಾಕ್ ಅಥವಾ ಐಬುಪ್ರೊಫೇನ್ ಬೆರೆಸಿದ ಮಾತ್ರೆಗಳು ಬಹಳ ಇವೆ. ದೊಡ್ಡ ಅಕ್ಷರದ ಹೆಸರು ಏನನ್ನೂ ತಿಳಿಸುವುದಿಲ್ಲ, ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಬೇಕು. ಬರೀ ಪ್ಯಾರಾಸಿಟಮಾಲ್ ಆದರೆ ಸಾಮಾನ್ಯವಾಗಿ ಒಪ್ಪುತ್ತಾರೆ, ಪ್ರಮಾಣವನ್ನು ನಿಮ್ಮ ವೈದ್ಯರೇ ಹೇಳಲಿ. ನೆಗಡಿಯ ಮಾತ್ರೆಗಳಲ್ಲೂ ಅದೇ ಇರುತ್ತದೆ, ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಫಿಸಿಯೋಥೆರಪಿಸ್ಟ್, ದಾವಣಗೆರೆ

ಅಕ್ಕ, ನಿಮ್ಮ ಮನೆಯವರ ಆತಂಕವನ್ನು ದಿನವೂ ಕೇಳುತ್ತೇನೆ. ಮಂಡಿಯ ಮೃದ್ವಸ್ಥಿಗೆ, ಅಂದರೆ ಮೂಳೆಯ ತುದಿಯನ್ನು ಮುಚ್ಚಿದ ನುಣುಪಾದ ಪದರಕ್ಕೆ, ರಕ್ತನಾಳಗಳಿಲ್ಲ. ಕೀಲಿನೊಳಗಿನ ದ್ರವವೇ ಅದರ ಆಹಾರ. ಭಾರ ಬಿದ್ದು ಬಿಟ್ಟು, ಬಿದ್ದು ಬಿಟ್ಟು ಆಗುವಾಗ ಆ ದ್ರವ ಒಳಗೆ ಹೊರಗೆ ಓಡಾಡುತ್ತದೆ. ಕಾಲು ಚಾಚಿ ಕುಳಿತರೆ ಮಂಡಿ ಉಳಿಯುವುದಿಲ್ಲ, ಬಿಗಿಯುತ್ತದೆ.

ಗಣಿತದವರು ನೀವು, ಲೆಕ್ಕ ನೋಡಿ. ಮೈಯ ಒಂದು ಕಿಲೋ ಇಳಿದರೆ ನಡೆಯುವಾಗ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ನಿಮ್ಮ 26 ಕಿಲೋಗೆ ಅದು ನೂರನ್ನು ದಾಟುತ್ತದೆ. ಇಷ್ಟಾದರೂ ನೋವೇಕೆ? ವೇಗವಾಗಿ ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ತೊಡೆಯ ಮುಂಭಾಗದ ಸ್ನಾಯು ಸೊರಗಿದರೆ ಹೆಜ್ಜೆಯ ಹೊಡೆತವೆಲ್ಲ ನೇರ ಕೀಲಿಗೆ ಬೀಳುತ್ತದೆ. ‘ನಡೆಯಿರಿ’ ಎಂದಷ್ಟೇ ಹೇಳಿ ಕಳಿಸುವುದು ನನಗೆ ಒಪ್ಪಿಗೆಯಿಲ್ಲ. ತೊಡೆಗೆ ಬಲ ಬರದೆ ನಡಿಗೆಯನ್ನು ಹೆಚ್ಚಿಸುತ್ತಾ ಹೋಗುವುದು ಮಂಡಿಯನ್ನು ದಂಡಿಸಿದಂತೆ.

ಮುಕ್ಕಾಲು ಗಂಟೆಯ ನಡಿಗೆಯನ್ನು ಸದ್ಯಕ್ಕೆ ಅರ್ಧ ಗಂಟೆಗೆ ಇಳಿಸಿ, ಹತ್ತು ಹತ್ತು ನಿಮಿಷದ ಮೂರು ತುಂಡು ಮಾಡಿ, ಸಮತಟ್ಟಾದ ನೆಲದಲ್ಲಿ. ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಹಾಸಿಗೆಗೆ ಒತ್ತಿ ಐದು ಎಣಿಸಿ ಬಿಡಿ. ಮಲಗಿ ಒಂದು ಕಾಲನ್ನು ಮಡಿಸಿ, ಇನ್ನೊಂದನ್ನು ನೆಟ್ಟಗೆ ಒಂದು ಗೇಣು ಎತ್ತಿ ನಿಧಾನವಾಗಿ ಇಳಿಸಿ. ಇವು ಸುಲಭವಾದ ಮೇಲೆ ಕುರ್ಚಿಯಿಂದ ಏಳುವುದು. ಕುರ್ಚಿ ತಗ್ಗಾಗಿದ್ದರೆ ಕೌದಿ ಮಡಿಸಿ ಹಾಕಿ ಎತ್ತರಿಸಿಕೊಳ್ಳಿ, ವಾರಗಳು ಕಳೆದಂತೆ ಒಂದೊಂದೇ ಮಡಿಕೆ ತೆಗೆಯಿರಿ. ಕೂರುವಾಗ ಧಪ್ಪನೆ ಬೀಳಬಾರದು, ಬಲ ಬರುವುದೇ ಆ ನಿಧಾನದಲ್ಲಿ. ಒಂದೆಡೆ ನಿಂತ ಸೈಕಲ್ ಸಿಕ್ಕರೆ ಬಹಳ ಒಳ್ಳೆಯದು, ಸೀಟು ಎತ್ತರವಿರಲಿ.

ನೋವನ್ನು ಹತ್ತಕ್ಕೆ ಅಂಕ ಕೊಟ್ಟು ಅಳೆಯಿರಿ. ವ್ಯಾಯಾಮದಲ್ಲಿ ನಾಲ್ಕರವರೆಗೆ ಹೋಗಿ, ಮರುದಿನ ಬೆಳಗಿನ ಹೊತ್ತಿಗೆ ಎಂದಿನ ಮಟ್ಟಕ್ಕೆ ಇಳಿದರೆ ಹೆದರಬೇಡಿ. ಮರುದಿನ ಮಂಡಿ ಊದಿದ್ದರೆ, ನೋವು ಏರಿದ್ದರೆ ಪ್ರಮಾಣ ಅರ್ಧಕ್ಕೆ ಇಳಿಸಿ. ಪೂರ್ತಿ ನಿಲ್ಲಿಸಬೇಡಿ. ಮೆಟ್ಟಿಲು ಏರುವಾಗ ಎಡಗಾಲು ಮೊದಲು, ಇಳಿಯುವಾಗ ನೋವಿನ ಬಲಗಾಲು ಮೊದಲು. ಕೋಲು ಹಿಡಿಯುವುದಾದರೆ ಎಡಗೈಯಲ್ಲಿ.

ಕೆಲವು ನೋವುಗಳು ಸವೆತದವಲ್ಲ. ಮಂಡಿ ಇದ್ದಕ್ಕಿದ್ದಂತೆ ಕೆಂಪಾಗಿ, ಬಿಸಿಯಾಗಿ, ಮುಟ್ಟಲೂ ಆಗದಷ್ಟು ನೋಯತೊಡಗಿದರೆ ಅಂದೇ ವೈದ್ಯರ ಬಳಿ ಹೋಗಿ. ಸೋಂಕಿರಬಹುದು, ವೇಗವಾಗಿ ತೂಕ ಇಳಿಯುವಾಗ ಕೆರಳುವ ಗೌಟ್, ಅಂದರೆ ಯೂರಿಕ್ ಆಮ್ಲದ ಹರಳುಗಳಿಂದ ಬರುವ ಕೀಲೂತ ಕೂಡ ಇರಬಹುದು. ಸೊಂಟ, ತೊಡೆಯ ಮೂಳೆಗಳೂ ನೋಯುತ್ತಿದ್ದರೆ ವಿಟಮಿನ್ ಡಿ ನೋಡಿಸಿ. ಬೈಪಾಸ್ ಆದವರಲ್ಲಿ ಅದರ ಕೊರತೆ ಸಾಮಾನ್ಯ.

ನವಿಲುಗರಿ, ಧಾರವಾಡ

ನನ್ನದೂ ಬೈಪಾಸ್, ನನ್ನದೂ ಮಂಡಿ. ಮೇಲೆ ಹೇಳಿದ ಕುರ್ಚಿಯ ವ್ಯಾಯಾಮಕ್ಕೆ ಊಟವೂ ಜೊತೆಗೂಡಬೇಕು ಅಕ್ಕ. ನನಗೆ ಆಹಾರ ತಜ್ಞೆ ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಹೇಳಿದ್ದಾರೆ. ತಟ್ಟೆಯಲ್ಲಿ ಮೊದಲು ಮೊಟ್ಟೆ, ಪನೀರ್ ಅಥವಾ ಮಡಿಕೆಕಾಳಿನ ಪಲ್ಯ ತಿನ್ನುತ್ತೇನೆ, ರೊಟ್ಟಿ ಕೊನೆಗೆ. ಹೊಟ್ಟೆಯಲ್ಲಿ ಜಾಗವೇ ಕಡಿಮೆ, ರೊಟ್ಟಿಯಿಂದ ಶುರು ಮಾಡಿದರೆ ಕಾಳಿಗೆ ಎಡೆ ಉಳಿಯುವುದಿಲ್ಲ. ನಡಿಗೆಗೆ ಹೋಗುವಾಗ ನೀರನ್ನು ಗುಟುಕು ಗುಟುಕಾಗಿ ಕುಡಿಯಿರಿ. ದಣಿವೆಂದು ಕಬ್ಬಿನ ಹಾಲು, ಗ್ಲೂಕೋಸ್ ನೀರು ಬೇಡ, ಡಂಪಿಂಗ್ ಆಗಿ, ಅಂದರೆ ಸಿಹಿ ಒಮ್ಮೆಲೇ ಕರುಳಿಗೆ ನುಗ್ಗಿ ಬೆವರು, ತಲೆಸುತ್ತು ಬರಬಹುದು.

ಹೇಮಾವತಿತೀರ, ಹಾಸನ

ಎಲ್ಲರಿಗೂ ಹೃದಯಪೂರ್ವಕ ಧನ್ಯವಾದ. ನಾಳೆಯಿಂದಲೇ ಟವೆಲ್ ಮತ್ತು ಕುರ್ಚಿ. ಇನ್ನೆರಡು ಪ್ರಶ್ನೆ: ನೋವಿನ ಮುಲಾಮು ಹಚ್ಚಬಹುದೇ? ಶಾಲೆಯ ಯೋಗದಲ್ಲಿ ವಜ್ರಾಸನ ಮಾಡಿಸುತ್ತಾರೆ, ಕೂರಲೇ?

ಔಷಧಿ ಅಂಗಡಿ, ಶಿವಮೊಗ್ಗ

ಡೈಕ್ಲೋಫೆನಾಕ್ ಜೆಲ್ ಹಚ್ಚಿದಾಗ ರಕ್ತಕ್ಕೆ ಸೇರುವ ಅಂಶ ಮಾತ್ರೆಗಿಂತ ಬಹಳ ಕಡಿಮೆ. ಆದರೂ ಶಸ್ತ್ರಚಿಕಿತ್ಸಕರಿಗೆ ಫೋನ್ ಮಾಡಿ ಕೇಳಿಯೇ ಶುರು ಮಾಡಿ. ಹೆಸರಿಲ್ಲದ ‘ವಾತದ ಪುಡಿ’ಗಳನ್ನು ಮುಟ್ಟಬೇಡಿ, ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಸಿಕ್ಕಿದ್ದುಂಟು.

ಫಿಸಿಯೋಥೆರಪಿಸ್ಟ್, ದಾವಣಗೆರೆ

ವಜ್ರಾಸನ, ಚಕ್ಕಳಮಕ್ಕಳ, ಕುಕ್ಕರಗಾಲು ಮೂರೂ ಸದ್ಯಕ್ಕೆ ಬೇಡ. ಅಷ್ಟು ಮಡಿಸಿದಾಗ ಮಂಡಿಚಿಪ್ಪಿನ ಹಿಂದೆ ಒತ್ತಡ ಬಹಳ ಏರುತ್ತದೆ. ಯೋಗದ ಹೊತ್ತಿಗೆ ಕುರ್ಚಿಯಲ್ಲಿ ಕುಳಿತು ಉಸಿರಾಟ ಮಾಡಿ, ಕೈಗಳ ಆಸನಗಳನ್ನು ಮಾಡಿ. ಆರು ವಾರ ತೊಡೆಯ ವ್ಯಾಯಾಮ ಮಾಡಿದ ಮೇಲೆ ಹಾಸನದಲ್ಲೇ ಒಬ್ಬ ಫಿಸಿಯೋಗೆ ಮಂಡಿ ತೋರಿಸಿ, ಎಷ್ಟು ಮಡಿಸಬಹುದೆಂದು ಅವರು ನೋಡಿ ಹೇಳಲಿ.