ಬಾಕಿದಾರರ ಹೆಸರನ್ನು ವಾಟ್ಸಾಪ್ ಗುಂಪಿನಲ್ಲಿ ಹಾಕುವುದು ಸರಿಯೇ?

ಪ್ರಶ್ನೆ (ಬನಶಂಕರಿಯಿಂದ): ನಮ್ಮ ಅಪಾರ್ಟ್‌ಮೆಂಟ್ ಸಂಘದವರು ನಿರ್ವಹಣಾ ಶುಲ್ಕ ಬಾಕಿ ಉಳಿಸಿಕೊಂಡವರ ಹೆಸರುಗಳನ್ನು ಪ್ರತಿ ತಿಂಗಳೂ ಗುಂಪಿನಲ್ಲಿ ಪ್ರಕಟಿಸುತ್ತಾರೆ. ಮಾಹಿತಿ ನಿಜವೇ. ಆದರೂ ಹೀಗೆ ಹೇಳುವುದು ನ್ಯಾಯವೇ?

ಉತ್ತರ 1: ನಿಜವಾಗಿರುವುದು ಮೊದಲ ಷರತ್ತು ಮಾತ್ರ. ಮಾತು ನಿಜವಾಗಿರುವುದರ ಜೊತೆಗೆ ಬೇಕಾದಷ್ಟೇ ಇರಬೇಕು, ಪ್ರಸ್ತುತವಾಗಿರಬೇಕು, ಸ್ಪಷ್ಟವಾಗಿರಬೇಕು ಎಂಬ ನಿರೀಕ್ಷೆಯ ಮೇಲೆಯೇ ಸಂಭಾಷಣೆ ನಡೆಯುತ್ತದೆ ಎಂದು ತತ್ತ್ವಶಾಸ್ತ್ರಜ್ಞ ಪಾಲ್ ಗ್ರೈಸ್ 1975ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ವಿವರಿಸಿದ್ದಾರೆ. ಒಟ್ಟು ಬಾಕಿ ಎಷ್ಟು, ಅದರಿಂದ ಟ್ಯಾಂಕರ್ ನೀರಿನ ಬಿಲ್ಲು ಕಟ್ಟಲು ಏನು ತೊಡಕಾಗಿದೆ ಎಂಬುದು ಎಲ್ಲರಿಗೂ ಬೇಕಾದ ಮಾಹಿತಿ. ಯಾರ ಮನೆಯಲ್ಲಿ ಹಣದ ಅಡಚಣೆಯಿದೆ ಎಂಬುದಲ್ಲ. ಗ್ರೈಸ್ ಹೇಳಿದ್ದು ನೀತಿಬೋಧೆಯಲ್ಲ. ಎದುರಿನವರ ಮಾನದ ಪ್ರಶ್ನೆಯನ್ನು ನಾವೇ ಸೇರಿಸಿಕೊಳ್ಳಬೇಕಾಗುತ್ತದೆ.

ಉತ್ತರ 2: ಸಂಘದ ಲೆಕ್ಕ ಸದಸ್ಯರೆಲ್ಲರದು, ಅದನ್ನು ಮುಚ್ಚಿಡಬಾರದು. ಖಾಸಗಿಯಾಗಿ ತಿಳಿಸಿದ ಮೇಲೂ ಸ್ಪಂದಿಸದವರ ವಿಷಯವನ್ನು ಸರ್ವಸದಸ್ಯರ ಸಭೆಯಲ್ಲಿ ಎತ್ತಲಿ.

ಉತ್ತರ 3: ಮೊದಲು ಒಬ್ಬರು ಮನೆಗೆ ಹೋಗಿ, "ಏನಾದರೂ ತೊಂದರೆಯಿದೆಯೇ?" ಎಂದು ಕೇಳಲಿ. ಮನಶ್ಶಾಸ್ತ್ರಜ್ಞರಾದ ಕಾರ್ಲ್ ರೋಜರ್ಸ್ ಮತ್ತು ರಿಚರ್ಡ್ ಫಾರ್ಸನ್ 1957ರಲ್ಲಿ ಸಕ್ರಿಯ ಆಲಿಸುವಿಕೆಯ ಬಗ್ಗೆ ಬರೆದಾಗ ಒತ್ತಿ ಹೇಳಿದ್ದು ಇದನ್ನೇ: ತೀರ್ಪು ಕೊಡುವ ಮುನ್ನ ಕೇಳಿಸಿಕೊಳ್ಳಬೇಕು, ಕೇಳಿದ್ದನ್ನು ನಮ್ಮ ಮಾತಿನಲ್ಲಿ ಹೇಳಿ ಖಚಿತಪಡಿಸಿಕೊಳ್ಳಬೇಕು. "ಅಂದರೆ ಮುಂದಿನ ತಿಂಗಳು ಎರಡು ಕಂತುಗಳಲ್ಲಿ ಕಟ್ಟುತ್ತೀರಿ, ಅಲ್ಲವೇ?" ಎಂದರೆ ಸಾಕು.