ತವರು ಸಿಂಗಾಪುರ: ಈ ಸಲ ಹೊರಗೆ ಎಲ್ಲಿ ತಿನ್ನೋಣ?

ಟೋವಾಪಾಯೋ_ಹುಡುಗಿ:

ನನ್ನ ತವರು ಸಿಂಗಾಪುರ. ಅಪ್ಪ ಕೆಲಸಕ್ಕೆ ಅಂತ ಹೋದವರು ಅಲ್ಲೇ ಉಳಿದುಬಿಟ್ಟರು. ನಾನು ಬೆಳೆದದ್ದು ಟೋವಾ ಪಾಯೋದ ಸರ್ಕಾರಿ ಫ್ಲ್ಯಾಟಿನ 11ನೇ ಮಹಡಿಯಲ್ಲಿ. ಮದುವೆಯಾಗಿ ಮೈಸೂರಿಗೆ ಬಂದು ಒಂಬತ್ತು ವರ್ಷ ಆಯಿತು. ಮುಂದಿನ ತಿಂಗಳು ಎರಡು ವಾರ ಹೋಗುತ್ತಿದ್ದೇವೆ, ಈ ಸಲ ಅತ್ತೆಯವರೂ ಜೊತೆಗೆ.

ಪ್ರತಿ ಸಲ ಒಂದೇ ಕಥೆ. ಅಮ್ಮ ಹದಿನಾಲ್ಕು ದಿನವೂ ಸಾರು, ಪಲ್ಯ, ಹುಳಿ ಮಾಡುತ್ತಾಳೆ, "ಹೊರಗಿಂದೆಲ್ಲ ಯಾಕೆ, ಎಣ್ಣೆ ಸರಿ ಇರಲ್ಲ" ಅನ್ನುತ್ತಾಳೆ. ಹೊರಗೆ ಹೋದರೂ ಯಾವುದೋ ಮಾಲ್, ಅಲ್ಲಿ ಬೆಂಗಳೂರಲ್ಲೂ ಸಿಗುವ ಪಾಸ್ತಾ. ಕಳೆದ ಸಲ ನಾನೇ ಹಟ ಮಾಡಿ ವಿಡಿಯೋಗಳಲ್ಲಿ ಬಂದಿದ್ದ ಒಂದು ನೂಡಲ್ಸ್ ಅಂಗಡಿಗೆ ಎಲ್ಲರನ್ನೂ ಎಳೆದುಕೊಂಡು ಹೋದೆ. 50 ನಿಮಿಷ ಕ್ಯೂ. ಮಗ ನೆಲದ ಮೇಲೆ ಕೂತುಬಿಟ್ಟ. ಸಿಕ್ಕಿದ್ದು ತಣ್ಣಗಿನ ನೂಡಲ್ಸ್. ಅಕ್ಕಪಕ್ಕದವರೆಲ್ಲ ಫೋಟೋ ತೆಗೆಯುತ್ತಿದ್ದರು, ಹುಟ್ಟಿ ಬೆಳೆದ ಊರಲ್ಲಿ ನಾನೂ ಟೂರಿಸ್ಟ್ ಆಗಿದ್ದೆ. ಶಾಲೆಯಿಂದ ಬರುವಾಗ ಕ್ಯಾರೆಟ್ ಕೇಕ್ ಕಟ್ಟಿಕೊಡುತ್ತಿದ್ದ ನಮ್ಮ ಅಂಕಲ್ ಅಂಗಡಿಯೂ ಮುಚ್ಚಿದೆ, ಅವರ ಮಕ್ಕಳಿಗೆ ಆ ಕೆಲಸ ಬೇಡವಂತೆ.

ಸುಮ್ನೆ ಮನೆ ಹತ್ತಿರ ಚಪ್ಪಲಿ ಹಾಕಿಕೊಂಡು ಹೋಗಿ ತಿಂದು ಬರುವ ಜಾಗ ಬೇಕು. ಗಂಡ ಮೀನು, ಕೋಳಿ ತಿನ್ನುತ್ತಾರೆ, ಹಂದಿ ಬೇಡ. ನನಗೆ ಮೊಟ್ಟೆ ಆಗುತ್ತೆ. ಅತ್ತೆ ಶುದ್ಧ ಸಸ್ಯಾಹಾರಿ, ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟಲ್ಲ. ನಮ್ಮವರ ಹೋಟೆಲುಗಳಿರುವ ಲಿಟಲ್ ಇಂಡಿಯಾಕ್ಕೆ ಹೋಗಿ ಅಂತ ಮಾತ್ರ ಹೇಳಬೇಡಿ, ಅದು ಗೊತ್ತು.

ಕೋಪಿ_ಓ_ಕೊಸೊಂಗ್:

ಅಕ್ಕಾ, ನಾನು ಇಲ್ಲೇ ಸಿಂಗಾಪುರದ ಆಂಗ್ ಮೋ ಕಿಯೋದಲ್ಲಿ 14 ವರ್ಷದಿಂದ ಇದ್ದೀನಿ, ಊರು ಹಾಸನ. ನಿಮ್ಮ ತಪ್ಪು ಒಂದೇ, ಕ್ಯೂ ನೋಡಿದಿರಿ, ಕ್ಯೂನಲ್ಲಿ ಯಾರು ನಿಂತಿದ್ದಾರೆ ಅಂತ ನೋಡಲಿಲ್ಲ. ಮನೆಯ ಚಡ್ಡಿ ಬನಿಯನ್ನಿನಲ್ಲಿ, ಕೈಯಲ್ಲಿ ಖಾಲಿ ಡಬ್ಬಿ ಹಿಡಿದ ಮುದುಕರು ನಾಲ್ಕೇ ಜನ ನಿಂತಿದ್ದರೂ ಸಾಕು, ಅಲ್ಲಿ ನಿಲ್ಲಿ.

ನಿಮ್ಮ ಏರಿಯಾದಲ್ಲೇ ಲೋರಾಂಗ್ 8 ಅನ್ನೋ ರಸ್ತೆಯ ಮಾರ್ಕೆಟ್ ಇದೆ, ಅಲ್ಲಿಂದ ಸುರು ಮಾಡಿ. ಬೆಳಿಗ್ಗೆ ಏಳೂವರೆಗೆ ಹೋಗಿ. ತಿಂಡಿ ಅಂಗಡಿಗಳು ಎಷ್ಟೋ ಮಧ್ಯಾಹ್ನದ ಹೊತ್ತಿಗೆ ಖಾಲಿ, ಸೋಮವಾರ ರಜಾ ಜಾಸ್ತಿ. ಮೂರು ತಿಂಗಳಿಗೊಮ್ಮೆ ಕ್ಲೀನಿಂಗ್‌ಗೆ ಅಂತ ಇಡೀ ಹಾಕರ್ ಸೆಂಟರನ್ನೇ (ತಿಂಡಿ ಅಂಗಡಿಗಳೆಲ್ಲ ಒಂದೇ ಸೂರಿನಡಿ ಇರೋ ಜಾಗ) ಮುಚ್ಚುತ್ತಾರೆ, ಮೊದಲೇ ನೋಡಿಕೊಳ್ಳಿ.

ಅತ್ತೆಯವರ ವಿಷಯ ನೀವು ಅಂದುಕೊಂಡಷ್ಟು ಕಷ್ಟ ಇಲ್ಲ. ಚೀನೀ ಬೌದ್ಧರ ಸಸ್ಯಾಹಾರಿ ಅಂಗಡಿ ಸುಮಾರು ಹಾಕರ್ ಸೆಂಟರುಗಳಲ್ಲಿ ಒಂದಾದರೂ ಇರುತ್ತೆ. ಬೋರ್ಡಿನಲ್ಲಿ 'ಸು' ಅನ್ನೋ ಚೀನೀ ಅಕ್ಷರ, ಕೆಲವು ಕಡೆ ಸ್ವಸ್ತಿಕ ಕೂಡ. ಅವರ ಸಂಪ್ರದಾಯದಲ್ಲೇ ಈರುಳ್ಳಿ ಬೆಳ್ಳುಳ್ಳಿ ನಿಷಿದ್ಧ, ನಮ್ಮ ಮಡಿ ಅಡಿಗೆ ಥರಾನೇ ಅಲ್ವಾ. ಅಲ್ಲಿ ಬೆಳಿಗ್ಗೆ ಬೀ ಹೂನ್ ಸಿಗುತ್ತೆ, ಅಂದ್ರೆ ನಮ್ಮ ಅಕ್ಕಿ ಶಾವಿಗೆ ಒಗ್ಗರಣೆಯ ಚೀನೀ ತಂಗಿ. ಮೇಲೆ ಎಲೆಕೋಸು, ಕರಿದ ಸೋಯಾ ಹಾಲಿನ ಕೆನೆಪದರ, ಪಕ್ಕದಲ್ಲಿ ಸಿಹಿ ಖಾರದ ಚಟ್ನಿ. ಮೊಟ್ಟೆ ಹಾಕ್ತೀರಾ ಅಂತ ಒಂದು ಮಾತು ಕೇಳಿಕೊಳ್ಳಿ, ಕೆಲವರು ಹಾಕುತ್ತಾರೆ.

ನೋಡೋಕೆ ಸಸ್ಯಾಹಾರ, ಆದರೆ ಅಲ್ಲ ಅನ್ನೋದೇ ದೊಡ್ಡ ತಲೆನೋವು. ಚ್ವೀ ಕ್ವೇ ಇದೆಯಲ್ಲ, ಪುಟ್ಟ ಬಟ್ಟಲಲ್ಲಿ ಹಬೆಯಲ್ಲಿ ಬೇಯಿಸಿದ ಅಕ್ಕಿ ಹಿಟ್ಟು, ನೋಡಿದರೆ ಇಡ್ಲಿಯೇ. ಮೇಲಿನ ಉಪ್ಪು ಮೂಲಂಗಿಯನ್ನು ಎಷ್ಟೋ ಕಡೆ ಹಂದಿ ಕೊಬ್ಬಿನಲ್ಲಿ ಹುರಿದಿರುತ್ತಾರೆ. ಹಣ್ಣು ತರಕಾರಿ ಕಲಸಿದ ರೋಜಾಕ್‌ನಲ್ಲಿ ಕಪ್ಪಗೆ ಹೊಳೆಯೋದು ಹುಣಸೆ ಗೊಜ್ಜಲ್ಲ, ಸಿಗಡಿಯದ್ದು. ಮೆಣಸಿನಕಾಯಿ ಚಟ್ನಿ ಸಂಬಾಲ್‌ನಲ್ಲೂ ಸಿಗಡಿ. ನಿಮ್ಮ ಕ್ಯಾರೆಟ್ ಕೇಕ್ ನಿಮಗೇ ಗೊತ್ತು, ಅದರಲ್ಲಿ ಕ್ಯಾರೆಟ್ಟೂ ಇಲ್ಲ, ಕೇಕೂ ಅಲ್ಲ, ಮೂಲಂಗಿ ಮತ್ತು ಮೊಟ್ಟೆ.

ಇನ್ನೆರಡು ಮಾತು. ತಟ್ಟೆ ಟ್ರೇ ನೀವೇ ವಾಪಸ್ ಇಡಬೇಕು, 2021ರಿಂದ ಕಡ್ಡಾಯ. ಮೊದಲ ಸಲ ಎಚ್ಚರಿಕೆ ಕೊಡ್ತಾರೆ, ಎರಡನೇ ಸಲ 300 ಡಾಲರ್ ದಂಡ. ಚಿಲ್ಲರೆ ನೋಟು ಇಟ್ಟುಕೊಳ್ಳಿ, ಅಂಗಡಿಯ ಕ್ಯೂಆರ್ ಹೆಚ್ಚಾಗಿ ಇಲ್ಲಿನ ಬ್ಯಾಂಕ್ ಖಾತೆ ಇದ್ದವರಿಗೇ ಅನುಕೂಲ.

ಬಂಗುಡೆ_ಭಟ್ರು:

ಯಜಮಾನರಿಗೆ ಮೀನಿನ ತಲೆ ಕರಿ ತಿನ್ನಿಸಿ ಮಾರಾಯ್ರೆ. ಚೀನೀ ಗಿರಾಕಿಗಳಿಗೆ ತಲೆ ಇಷ್ಟ ಅಂತ ಕೇರಳದವರೊಬ್ಬರು ಸಿಂಗಾಪುರದಲ್ಲೇ ಸುರು ಮಾಡಿದ ಅಡಿಗೆ ಅದು, ಬೆಂಡೆಕಾಯಿ, ಹುಣಸೆ ಎಲ್ಲ ಉಂಟು, ನಮ್ಮ ಗಸಿಗೆ ದೂರದ ಸಂಬಂಧ. ಆದರೆ ಇಬ್ಬರಾದರೂ ಬೇಕು, ಒಬ್ಬರಿಗೆ ಮುಗಿಯುವುದಿಲ್ಲ. ಸುಲ್ತಾನ್ ಮಸೀದಿ ಎದುರಿನ ಜಾಮ್ ಜಾಮ್‌ನಲ್ಲಿ ಮುರ್ತಬಾಕ್ (ಒಳಗೆ ಕೋಳಿ, ಮೊಟ್ಟೆ ತುಂಬಿದ ಪರೋಟ) ಕೂಡ, 1908ರಿಂದ ಇರುವ ಅಂಗಡಿ. ನಾನು ಜುರಾಂಗ್‌ನಲ್ಲಿ ಮೂರು ವರ್ಷ ಇದ್ದೆ, ತಿಂಗಳ ಕೊನೆಗೆ ಬರೀ ಪ್ರಾಟಾ (ಅಲ್ಲಿಯ ಪರೋಟ) ಮತ್ತು ತೆಹ್ ಹಾಲಿಯಾ ಅನ್ನುವ ಶುಂಠಿ ಚಹಾದಲ್ಲಿ ಬದುಕಿದ್ದು. ಟೇಬಲ್ ಮೇಲೆ ಟಿಶ್ಯೂ ಪ್ಯಾಕೆಟ್ ಇಟ್ಟು ಜಾಗ ಹಿಡಿಯುವುದನ್ನು ಮೊದಲ ದಿನ ನೋಡಿ ನಗು ಬಂತು. ನಮ್ಮಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆಯುವುದಿಲ್ವಾ, ಅದೇ.

ಸಾರು_ಅನ್ನ_ಸಾಕು:

ಎಲ್ಲರೂ ಹಾಕರ್ ಹಾಕರ್ ಅಂತಿದ್ದೀರಿ, ಆದರೆ ವಯಸ್ಸಾದವರ ಬಗ್ಗೆ ಸ್ವಲ್ಪ ಯೋಚನೆ ಮಾಡಿ. ಅಲ್ಲಿ ಏಸಿ ಇಲ್ಲ, ಸೆಕೆ ಅಂದ್ರೆ ಸೆಕೆ. ಪಕ್ಕದ ಅಂಗಡಿಯಲ್ಲೇ ಹಂದಿ ನೇತಾಡುತ್ತಿರುತ್ತೆ, ಅದನ್ನು ನೋಡಿ ನನ್ನ ಅಮ್ಮ ಅವತ್ತು ಊಟವನ್ನೇ ಬಿಟ್ಟರು. ಲಿಟಲ್ ಇಂಡಿಯಾದ ಸೆರಂಗೂನ್ ರಸ್ತೆಯ ಕೋಮಲ ವಿಲಾಸ್ 1947ರಿಂದ ಇದೆ, ಎಂಟಿಆರ್ ಕೂಡ ಅದೇ ರಸ್ತೆಯಲ್ಲಿದೆ. ಅಲ್ಲಿ ಊಟ ಮಾಡಿದರೆ ಅವಮಾನವೇನಲ್ಲ. ಆ ಬೀದಿಯೂ ಸಿಂಗಾಪುರವೇ, ಅಲ್ಲಿಯ ದೋಸೆಯೂ ಊರಿನದ್ದೇ.

ಟೋವಾಪಾಯೋ_ಹುಡುಗಿ:

ಸಾರು ಅನ್ನ ಅವರೇ, ನೀವು ಹೇಳಿದ್ದರಲ್ಲಿ ನಿಜ ಇದೆ, ಹಂದಿ ನೇತು ಹಾಕಿರೋದು ನನಗೆ ಕಣ್ಣಿಗೇ ಬೀಳಲ್ಲ ನೋಡಿ, ಅಷ್ಟು ಅಭ್ಯಾಸ. ಅತ್ತೆಯನ್ನು ಮೂಲೆಯ ಟೇಬಲ್‌ನಲ್ಲಿ ಆ ಕಡೆಗೆ ಬೆನ್ನು ಮಾಡಿ ಕೂರಿಸುತ್ತೇನೆ. ಹೋಗಿ ಬಂದು ಬರೆಯುತ್ತೇನೆ.

ಟೋವಾಪಾಯೋ_ಹುಡುಗಿ (ಆರು ವಾರದ ನಂತರ):

ಬಂದೆವು. ಕೋಮಲ ವಿಲಾಸಕ್ಕೂ ಹೋದೆವು, ಮೀನಿನ ತಲೆಯೂ ಆಯಿತು, ಗಂಡ ಕಣ್ಣು ಯಾರಿಗೆ ಅಂತ ಮಗನ ಜೊತೆ ಜಗಳ ಆಡಿದರು. ಆದರೆ ಬರೆಯಬೇಕಾದದ್ದು ಬೇರೆ.

ಮೊದಲ ಶುಕ್ರವಾರ ಅಮ್ಮ, ಅತ್ತೆ, ನಾನು ಲೋರಾಂಗ್ 8ರ ಕಾಳಿಯಮ್ಮನ ದೇವಸ್ಥಾನಕ್ಕೆ ಹೋಗಿ, ಹಾಗೇ ಅಲ್ಲೇ ಎಲ್ಲಾದರೂ ತಿಂಡಿ ತಿನ್ನೋಣ ಅಂದೆ. ಅಮ್ಮ "ಮನೇಲಿ ಉಪ್ಪಿಟ್ಟು ಮಾಡಿದ್ದೀನಿ" ಅಂತ ತಡೆದಳು. ನಾನು ಬಿಡಲಿಲ್ಲ. ಸಸ್ಯಾಹಾರಿ ಬೋರ್ಡ್ ಹುಡುಕಿಕೊಂಡು ಹೋದರೆ, ಬೀ ಹೂನ್ ಅಂಗಡಿಯ ಆಂಟಿ ನನ್ನನ್ನು ನೋಡಲೇ ಇಲ್ಲ, ಅಮ್ಮನ ಮುಖ ನೋಡಿ "ಸೇಮ್ ಆ?" ಅಂದರು. ಅಮ್ಮ ಬಾಯಿ ತೆಗೆಯುವ ಮೊದಲೇ ತಟ್ಟೆ ರೆಡಿ, ಬೀ ಹೂನ್, ಎಲೆಕೋಸು, ಎರಡು ತುಂಡು ಕರಿದ ಸೋಯಾ, ಚಟ್ನಿ ಬೇರೆ ಬಟ್ಟಲಲ್ಲಿ. ಆಮೇಲೆ ಆಂಟಿ ನಮ್ಮಿಬ್ಬರ ಕಡೆ ಕೈ ತೋರಿಸಿ, "ಟುಡೇ ಯುವರ್ ಫ್ಯಾಮಿಲಿ ಕಮ್ ಆ?"

ಪ್ರತಿ ಶುಕ್ರವಾರವಂತೆ. ಎಷ್ಟು ವರ್ಷದಿಂದ ಅಂದರೆ ಹೇಳಲಿಲ್ಲ, "ಬೆಳ್ಳುಳ್ಳಿ ಇಲ್ಲ ಕಣೇ, ಅದಕ್ಕೇ" ಅಂತ ಕಾಫಿ ಅಂಗಡಿ ಕಡೆ ಹೋಗಿಬಿಟ್ಟಳು. ಅಲ್ಲೂ ಅವಳಿಗೆ "ಕೋಪಿ ಸಿಯೂ ದಾಯ್" ಅನ್ನೋಕೆ ಬರುತ್ತೆ, ಸಕ್ಕರೆ ಕಮ್ಮಿ ಅಂತ. ನನಗೆ ಗೊತ್ತೇ ಇರಲಿಲ್ಲ. ಅತ್ತೆ ಸೋಯಾ ತುಂಡನ್ನು ಬೆರಳಲ್ಲಿ ಒತ್ತಿ, ಮೂಸಿ, "ಇದು ಮಾಂಸ ಅಲ್ಲ ತಾನೇ" ಅಂತ ಮೂರು ಸಲ ಕೇಳಿದರು. ನಾಲ್ಕನೇ ಸಲ ಕೇಳುವಷ್ಟರಲ್ಲಿ ತುಂಡು ಖಾಲಿ. ಉಳಿದ ದಿನಗಳಲ್ಲಿ ಇಬ್ಬರೂ ನನ್ನನ್ನು ಬಿಟ್ಟು ಮೂರು ಸಲ ಹೋಗಿ ಬಂದರು.

ಅಪ್ಪನಿಗೆ ಹೇಳಬೇಡ ಅಂತ ಅಮ್ಮ ಆಣೆ ಹಾಕಿಸಿಕೊಂಡಿದ್ದಾಳೆ. ಅಪ್ಪ ಈ ಗುಂಪಲ್ಲಿಲ್ಲ, ಅದಕ್ಕೇ ಬರೆದೆ.

ಕೋಪಿ_ಓ_ಕೊಸೊಂಗ್:

ಯಾವ ಸಾಲಿನ ಅಂಗಡಿ ಅಕ್ಕಾ? ಶುಕ್ರವಾರ ನನಗೂ ರಜಾ.