ಆಟ ನೋಡದವರ ವಾದ

"ಆಟವನ್ನು ಕಣ್ಣಾರೆ ಕಂಡವನ ವಾದದಲ್ಲಿ ಸ್ವಾರಸ್ಯವಿಲ್ಲ, ಕಾಣದವನ ವಾದವೇ ವಾದ" ಎಂದರು ರಾಯರು. ಡೆಟ್ರಾಯ್ಟಿನಲ್ಲಿ ನೆಲೆಸಿ ಬಹಳ ವರ್ಷಗಳಾದುದರಿಂದ ಅವರಿಗೆ ಅಲ್ಲಿನ ತಂಡದ ಹಳೆಯ ಬೇಸ್‌ಬಾಲ್ ಆಟಗಾರ ಟೈ ಕಾಬ್ ಮನೆದೇವರು. ಕ್ಲೀವ್‌ಲ್ಯಾಂಡಿನ ಮೇಷ್ಟ್ರಿಗಾದರೋ ತಮ್ಮೂರ ತಂಡದ ನ್ಯಾಪ್ ಲಾಜೊವೆ ಎಂದರೆ ಪ್ರಾಣ. ಇಬ್ಬರೂ ಹುಟ್ಟುವ ಮೊದಲೇ ಆ ಆಟಗಾರರು ನಿವೃತ್ತರಾಗಿದ್ದರೆಂಬುದು ಚರ್ಚೆಗೆ ಅಡ್ಡಿಯಾಗಲಿಲ್ಲ.

"ಆ ಕಾಲದ ಅಭಿಮಾನಿಗಳೂ ನಮ್ಮಂತೆಯೇ ಅಲ್ಲವೇ?" ಎಂದರು ಮೇಷ್ಟ್ರು. "ಬೇಸ್‌ಬಾಲಿನ ಅಗ್ರ ಪಂದ್ಯಾವಳಿಯಾದ ಮೇಜರ್ ಲೀಗಿನ ಹದಿನಾರು ತಂಡಗಳಲ್ಲಿ ಒಂದೂ ಸೇಂಟ್ ಲೂಯಿಸ್‌ನಿಂದ ಪಶ್ಚಿಮಕ್ಕೆ ಇರಲಿಲ್ಲ. ಕ್ಯಾಲಿಫೋರ್ನಿಯಾದ ಕ್ಷೌರದಂಗಡಿಯಲ್ಲಿ ಸರದಿಗಾಗಿ ಕುಳಿತವನು ಪತ್ರಿಕೆಯ ಬಾಕ್ಸ್ ಸ್ಕೋರನ್ನು, ಅಂದರೆ ಆಟದ ಅಂಕಿಪಟ್ಟಿಯನ್ನು, ಬೆರಳಿಟ್ಟು ಓದಿ, ತಾನು ಎಂದೂ ನೋಡದ ಆಟಗಾರನ ಕಾಲಿನ ಚುರುಕಿನ ಬಗ್ಗೆ ಅರ್ಧ ಗಂಟೆ ವಾದಿಸುತ್ತಿದ್ದ. ಆ ಸ್ಕೋರ್ ಪಟ್ಟಿಯನ್ನು ಜನಪ್ರಿಯಗೊಳಿಸಿದ ಹೆನ್ರಿ ಚಾಡ್ವಿಕ್ ಇಂಗ್ಲೆಂಡಿನಲ್ಲಿ ಹುಟ್ಟಿ, ಕ್ರಿಕೆಟ್ ವರದಿ ಬರೆದು ಕೈ ಪಳಗಿಸಿಕೊಂಡವನು. ಹಾಗಾಗಿ ಪಾಪದಲ್ಲಿ ನಮಗೂ ಸ್ವಲ್ಪ ಪಾಲಿದೆ."

"ರೇಡಿಯೊ ಬಂದ ಮೇಲೆ?" ಎಂದು ನಾನು ಕೇಳಿದೆ.

"ರೇಡಿಯೊ ಇನ್ನೂ ಮೋಜು. 1930ರ ದಶಕದಲ್ಲಿ ಅಯೋವಾದ ಸ್ಟುಡಿಯೊದಲ್ಲಿ ಕುಳಿತು, ಷಿಕಾಗೊದಿಂದ ತಂತಿಯಲ್ಲಿ ಬಂದ ಚುಟುಕು ಸುದ್ದಿಯನ್ನೇ ಪೂರ್ಣ ಆಟವಾಗಿಸಿ ಹೇಳುತ್ತಿದ್ದ ರೊನಾಲ್ಡ್ ರೇಗನ್, ಒಮ್ಮೆ ತಂತಿ ಕೈಕೊಟ್ಟಾಗ, ಅದು ಸರಿಹೋಗುವವರೆಗೂ ಬ್ಯಾಟುಗಾರನಿಂದ, ಗೆರೆಯಾಚೆ ಹೋಗಿ ಆಟವನ್ನು ಮುಂದೆ ಸಾಗಿಸದ ಫೌಲ್ ಮೇಲೆ ಫೌಲ್ ಹೊಡೆಸಿದರಂತೆ. ಮುಂದೆ ಅವರೇ ಅಮೆರಿಕದ ಅಧ್ಯಕ್ಷರಾದರು."

ರಾಯರಿಗೆ ಈ ಸುತ್ತುದಾರಿ ಹಿಡಿಸಲಿಲ್ಲ. "1910ಕ್ಕೆ ಬನ್ನಿ. ಆ ವರ್ಷದ ಶ್ರೇಷ್ಠ ಬ್ಯಾಟುಗಾರನಿಗೆ, ಅಂದರೆ ಬ್ಯಾಟಿಂಗ್ ಸರಾಸರಿ ಹೆಚ್ಚಿದ್ದವನಿಗೆ, ಚಾಮರ್ಸ್ ಕಂಪನಿ ಕಾರು ಘೋಷಿಸಿತ್ತು. ಋತುವಿನ ಕೊನೆಯ ದಿನ ಲಾಜೊವೆಯ ಎದುರಾಳಿ ಸೇಂಟ್ ಲೂಯಿಸ್ ಬ್ರೌನ್ಸ್ ತಂಡದವರು, ಕಾಬ್‌ನ ಮೇಲಿನ ಮುನಿಸಿನಿಂದ, ತಮ್ಮ ಮೂರನೇ ಬೇಸ್ ಕಾಯುವ ಹುಡುಗನನ್ನು ಬಹಳ ಹಿಂದೆ ನಿಲ್ಲಿಸಿದರು. ನಿಮ್ಮ ಲಾಜೊವೆ, ಹೆಚ್ಚಿನ ಸಲ ಚೆಂಡನ್ನು ಮೆಲ್ಲನೆ ಮುಂದಕ್ಕೆ ತಟ್ಟಿ ಓಡುತ್ತ, ಎರಡು ಆಟಗಳಲ್ಲಿ ಎಂಟು ಹಿಟ್, ಅಂದರೆ ಬೇಸ್ ತಲುಪಿಸುವ ಹೊಡೆತ, ಗಳಿಸಿದ. ಇದು ಬ್ಯಾಟಿಂಗೋ, ದಾನವೋ?"

"ನಿಮ್ಮ ಕಾಬ್ ಸರಾಸರಿ ಉಳಿಸಿಕೊಳ್ಳಲು ಕೊನೆಯ ಎರಡು ಆಟ ಆಡದೆ ಕುಳಿತದ್ದು ಯಾವ ಶೌರ್ಯ? ಲಾಜೊವೆಯ ಗೌರವಕ್ಕಾಗಿ ಕ್ಲೀವ್‌ಲ್ಯಾಂಡ್ ತಂಡಕ್ಕೇ 'ನ್ಯಾಪ್ಸ್' ಎಂದು ಹೆಸರಿಟ್ಟಿದ್ದರು, ಸ್ವಾಮಿ!"

"ಆದರೂ ಗೆದ್ದವನು ಕಾಬ್. ಬ್ಯಾಟಿಂಗ್ ಸರದಿಗೆ ಹಿಟ್‌ಗಳ ಸರಾಸರಿ 0.385ಕ್ಕೆ 0.384."

ಇಷ್ಟು ಹೊತ್ತು ಸುಮ್ಮನೆ ಕೇಳುತ್ತಿದ್ದ ರಾಯರ ತಂಗಿ ವೃತ್ತಿಯಿಂದ ಲೆಕ್ಕಪರಿಶೋಧಕಿ. "ಆ ಲೆಕ್ಕವನ್ನು ಯಾರು ಪರಿಶೀಲಿಸಿದರು?" ಎಂದರು.

ರಾಯರು ಮಜ್ಜಿಗೆಯ ಲೋಟದತ್ತ ನೋಡಿದರು. ಉತ್ತರ ಕೊಡುವ ಆನಂದ ಮೇಷ್ಟ್ರದಾಯಿತು. "1981ರಲ್ಲಿ 'ದಿ ಸ್ಪೋರ್ಟಿಂಗ್ ನ್ಯೂಸ್' ಪತ್ರಿಕೆ ಬಯಲಿಗೆಳೆಯಿತು, ತಾಯಿ. ಕಾಬ್‌ನ ಒಂದು ಆಟವನ್ನು ಎರಡು ಸಲ ಬರೆದುಕೊಂಡಿದ್ದರು. ಅದನ್ನು ಕಳೆದರೆ ನಮ್ಮವನೇ ಮುಂದೆ."

"ಎಪ್ಪತ್ತು ವರ್ಷ ಇಡೀ ದೇಶ ವಾದಿಸಿದರೂ ಒಬ್ಬರೂ ಕೂಡಿ ನೋಡಲಿಲ್ಲವೇ?"

"ಕೂಡಿ ನೋಡುವವನು ವಾದಕ್ಕೆ ಏಕೆ ಬರುತ್ತಾನಮ್ಮ?" ಎಂದು ರಾಯರು ಚೇತರಿಸಿಕೊಂಡರು. "ಬೇಸ್‌ಬಾಲ್ ಆಡಳಿತದ ಮುಖ್ಯಸ್ಥ, ಕಮಿಷನರ್ ಬೊವೀ ಕೂನ್ ದಾಖಲೆಯನ್ನು ತಿದ್ದಲು ಒಪ್ಪಲಿಲ್ಲ, ಅದನ್ನೂ ಬರೆದುಕೋ. ಕಂಪನಿಯಂತೂ ಆಗಲೇ ಜಾಣತನ ತೋರಿ ಇಬ್ಬರಿಗೂ ಒಂದೊಂದು ಕಾರು ಕೊಟ್ಟಿತ್ತು."

"ಒಬ್ಬನ ಲೆಕ್ಕದಲ್ಲಿ ಎರಡು ಸಲ ಬರೆದ ಹಿಟ್, ಇನ್ನೊಬ್ಬನದರಲ್ಲಿ ದಾನದ ಹಿಟ್" ಎಂದರು ಆಕೆ. "ನಾನಾಗಿದ್ದರೆ ಎರಡೂ ಕಾರುಗಳನ್ನು ಹಿಂದಕ್ಕೆ ತರಿಸುತ್ತಿದ್ದೆ."